ಬೊಳ್ಳಿಗೆ ನುಂಗಿಸಿದ ಮಾತ್ರೆ

ನಮ್ಮ ಓಣಿಯ ನೀರಿನ ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ನನಗೆ ಊಟ ಸೇರುವುದಿಲ್ಲ. ಮನೆಯವರು ನಗುತ್ತಾರೆ. "ಜೀವನ ಪೂರ್ತಿ ಅದೇ ಪುಡಿ ಬಾವಿಗೆ ಹಾಕಿ ಪಗಾರ ತಗೊಂಡಾಕಿ, ಈಗ ಮೂಗು ಮುಚ್ಚಿಕೊಳ್ಳಾಕತ್ಯಾಳ ನೋಡ್ರಿ" ಅಂತ. ನಗಲಿ. ಆ ವಾಸನೆ ಬಡಿದರೆ ಸಾಕು, ನಾನು ಗದಗಿನಲ್ಲಿ ಇರುವುದಿಲ್ಲ. ಇನ್ನಂಜೆಯ ಗದ್ದೆಯ ಬದುವಿನ ಮೇಲೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮಾತ್ರೆಯ ಚೀಲ ಹಿಡಿದುಕೊಂಡು ನಿಂತಿರುತ್ತೇನೆ. ಆ ಮಳೆಗಾಲ ನೆನಪಾಗುತ್ತದೆ, ಆ ಮಳೆಗಾಲದಲ್ಲಿ ನಾನು ಮಾಡಿದ್ದೂ ನೆನಪಾಗುತ್ತದೆ.

ಉಡುಪಿ ಬೇರೆ ಜಿಲ್ಲೆಯಾಗಿ ಐದಾರು ವರ್ಷ ಆಗಿತ್ತು. ನನಗೆ ಇಪ್ಪತ್ತೆಂಟು. ಆರೋಗ್ಯ ಸಹಾಯಕಿ ಅಂತ ಕಾಪು ಕಡೆಗೆ ಆರ್ಡರ್ ಬಂದಾಗ ನಮ್ಮವ್ವ ಎದೆ ಬಡಿದುಕೊಂಡಳು. "ಸಮುದ್ರದ ದಂಡಿಗೆ ಯಾಕ ಹೊಂಟಿಯವ್ವಾ, ಅಲ್ಲಿ ಮಂದಿ ಮೀನ ಬಿಟ್ರ ಬ್ಯಾರೆ ಏನೂ ತಿನ್ನೂದಿಲ್ಲಂತ" ಅಂದಳು. ನಾವು ಮನೆಯಲ್ಲಿ ತತ್ತಿ ಸಹಿತ ಮುಟ್ಟದ ಮಂದಿ. ಆದರೆ ಸರಕಾರಿ ನೌಕರಿ, ಬಿಡಲಿಕ್ಕೆ ಆಗುತ್ತದೆಯೇ? ಬಂದೆ. ಬಂದ ಮೊದಲ ವಾರ ನನಗೆ ಕಷ್ಟವಾದದ್ದು ಮೀನಲ್ಲ, ಮಾತು. ಅವರು ತಮ್ಮ ತಮ್ಮಲ್ಲಿ ತುಳು ಆಡುತ್ತಿದ್ದರು. ನನ್ನ ಕಡೆ ತಿರುಗಿದ ಕೂಡಲೇ ಪುಸ್ತಕ ಓದಿದ ಹಾಗೆ ಕನ್ನಡ ಶುರು. ನಮ್ಮೂರ ಹೆಡ್‌ಮಾಸ್ತರರೂ ಅಷ್ಟು ಚೊಕ್ಕ ಕನ್ನಡ ಮಾತಾಡುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತು "ಏನ್ರೀ, ಆರಾಮದೀರಿ?" ಅಂದರೆ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ವರ್ಷದೊಳಗೆ ನಾನೂ "ಉಂಟು, ಎಂತ" ಕಲಿತೆ. ನನ್ನ ಕನ್ನಡ ಈಗ ಅತ್ತ ಗದಗಿನದೂ ಅಲ್ಲ, ಇತ್ತ ಉಡುಪಿಯದೂ ಅಲ್ಲ.

ಬಾಡಿಗೆಗೆ ಸಿಕ್ಕಿದ್ದು ಕಾಪು ಹತ್ತಿರದ ಇನ್ನಂಜೆಯಲ್ಲಿ, ಗಿರಿಜಕ್ಕನ ಮನೆಯ ಹಿಂಬದಿಯ ಕೋಣೆ. ಗಿರಿಜಕ್ಕನಿಗೆ ಐವತ್ತರ ಹತ್ತಿರ ವಯಸ್ಸು, ಮನೆಯ ಎದುರು ಮಲ್ಲಿಗೆ ಬೆಳೆಸಿದ್ದರು, ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು ಕೂತಲ್ಲೇ ಕಟ್ಟಿ ಕಳಿಸುತ್ತಿದ್ದರು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಅವರ ಗಂಡ ಸಂಜೀವಣ್ಣ ಮಣಿಪಾಲದ ಒಂದು ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಅಡುಗೆಯವರು. ಮೊದಲ ಬಸ್ಸಿಗೆ ಹೋಗಿ ಸಂಜೆ ನಾಲ್ಕು ಗಂಟೆಗೆ ಬರುವವರು. ಮಾತು ಕಡಿಮೆ. ಹೆಂಡತಿ ಹತ್ತು ಮಾತಾಡಿದರೆ ಇವರು ಒಂದು "ಹೂಂ" ಹೇಳಿ ಹಿಂದಿನ ಮೆಟ್ಟಿಲಿಗೆ ಹೋಗಿ ಕೂರುವವರು. ಆ ಮೆಟ್ಟಿಲಲ್ಲಿ ಅವರಿಗಾಗಿ ಕಾಯುತ್ತಿದ್ದದ್ದು ಬೊಳ್ಳಿ.

ಬೊಳ್ಳಿ ಅಂದರೆ ತುಳುವಿನಲ್ಲಿ ಬೆಳ್ಳಿ. ಅಚ್ಚ ಬಿಳಿ ಬೆಕ್ಕು, ಒಂದು ಕಿವಿಯ ತುದಿ ಹರಿದಿತ್ತು. ಹನ್ನೆರಡು ವರ್ಷದ ಹಿಂದೆ ಮಗಳು ಶಶಿಕಲಾ ಶಾಲೆಗೆ ಹೋಗುವ ಕಾಲದಲ್ಲಿ ಕಲ್ಯಾಣಪುರದ ನೆಂಟರ ಮನೆಯಿಂದ ಲಂಗದಲ್ಲಿ ಸುತ್ತಿಕೊಂಡು ತಂದ ಮರಿಯಂತೆ. ಮಗಳು ಮದುವೆಯಾಗಿ ಕಾರ್ಕಳಕ್ಕೆ ಹೋದಳು, ಬೆಕ್ಕು ಅಪ್ಪನ ಪಾಲಿಗೆ ಉಳಿಯಿತು. ಸಂಜೀವಣ್ಣ ಬರುವಾಗ ಬೂತಾಯಿ ಮೀನು ತಂದಿದ್ದರೆ ಹೆಂಡತಿ ಬೇಯಿಸಿ ಕೊಟ್ಟದ್ದರಲ್ಲಿ ಎರಡನ್ನು ತಟ್ಟೆಯ ಅಂಚಿಗೆ ಸರಿಸಿ, ಬೆರಳಲ್ಲೇ ಮುಳ್ಳು ಬಿಡಿಸಿ ಅದಕ್ಕೆ ಹಾಕುತ್ತಿದ್ದರು. ಒಮ್ಮೆ ನನ್ನ ಹತ್ತಿರ ಹೇಳಿದ್ದರು. "ಅಲ್ಲಿ ಮುನ್ನೂರು ಮಕ್ಕಳಿಗೆ ಬಡಿಸುತ್ತೇನೆ ನರ್ಸಮ್ಮ. ಚೆನ್ನಾಗಿ ಉಂಟು ಅಂತ ಒಬ್ಬ ಹೇಳುವುದಿಲ್ಲ. ಇವಳೊಬ್ಬಳು ತಟ್ಟೆ ನೆಕ್ಕಿ ಹೇಳ್ತಾಳೆ."

ಮಳೆ ಹಿಡಿದ ಮೇಲೆ ಬೊಳ್ಳಿ ನನ್ನ ಕೋಣೆಗೂ ಬರತೊಡಗಿತು. ಒಗೆದು ಒಣಗದ ಸೀರೆಗಳ ರಾಶಿಯ ಮೇಲೆ ಮಲಗುತ್ತಿತ್ತು. ಊರು ಬಿಟ್ಟು ಬಂದವಳಿಗೆ ಅದೇ ದೊಡ್ಡ ಸಂಗಾತಿ. ನಾನು ಅದರ ಜೊತೆ ನಮ್ಮೂರ ಮಾತಾಡುತ್ತಿದ್ದೆ. ಅದು ನಗುತ್ತಿರಲಿಲ್ಲ.

ಆ ವರ್ಷ ಇಲಿ ಜ್ವರ ಬಂತು. ಮೊದಲು ಗದ್ದೆಯ ಆಚೆ ಬದಿಯ ಒಬ್ಬ, ನಾಟಿಗೆ ಉಳುವವ, ನಾಲ್ಕು ದಿನ ಜ್ವರದಲ್ಲಿದ್ದು ಕಣ್ಣು ಹಳದಿಯಾದ ಮೇಲೆ ಮಣಿಪಾಲಕ್ಕೆ ಹೋದ. ತಿರುಗಿ ಬಂದದ್ದು ಹೆಣ. ಊರಿಗೆ ಊರೇ ಹೆದರಿತು. ನಮಗೆ ಮೇಲಿನಿಂದ ಮಾತ್ರೆ ಬಂತು. ವಾರಕ್ಕೊಮ್ಮೆ ಮನೆ ಮನೆಗೆ ಹೋಗಿ ಗದ್ದೆಗೆ ಇಳಿಯುವವರಿಗೆಲ್ಲ ಕೊಡಬೇಕು. ಪ್ರತಿ ಬಾಗಿಲಲ್ಲೂ ನಾನು ಹೇಳುತ್ತಿದ್ದ ಮಾತು ಒಂದೇ. ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದು. "ಊಟ ಆದ ಮೇಲೆ ನುಂಗಿ. ತುಂಬಾ ನೀರು ಕುಡಿಯಿರಿ. ನುಂಗಿದ ಕೂಡಲೇ ಮಲಗಬೇಡಿ. ಗಂಟಲಲ್ಲಿ ನಿಂತರೆ ಸುಡ್ತದೆ." ದಿನಕ್ಕೆ ನಲವತ್ತು ಸಲ ಹೇಳಿರಬಹುದು. ಒಂದು ಅಜ್ಜಿ ನನ್ನನ್ನು ದೂರದಿಂದ ಕಂಡ ಕೂಡಲೇ "ಬಂತು, ತುಂಬಾ ನೀರು ಕುಡಿಯಿರಿ ಬಂತು" ಅನ್ನುತ್ತಿದ್ದಳು.

ಜನ ಖುಷಿಯಿಂದೇನೂ ನುಂಗುತ್ತಿರಲಿಲ್ಲ. ಹೊಟ್ಟೆ ಉರಿಯುತ್ತದೆ ಅನ್ನುತ್ತಿದ್ದರು. ಕೈಯಲ್ಲಿ ತಗೊಂಡು, ನಾನು ಬೆನ್ನು ತಿರುಗಿಸಿದ ಮೇಲೆ ಮಲ್ಲಿಗೆಯ ಬುಡಕ್ಕೆ ಎಸೆಯುವವರಿದ್ದರು. ಪಕ್ಕದ ಮನೆಯ ಗಿಡದ ಬುಡದಲ್ಲಿ ಮಾತ್ರೆ ಕಂಡು ಗಿರಿಜಕ್ಕ ಬೇಲಿಯ ಮೇಲಿಂದ ಬೈದ ಬೈಗುಳ ಇಡೀ ಊರು ಕೇಳಿತು.

ಇದರ ನಡುವೆ ಬೆಕ್ಕುಗಳ ಗ್ರಹಚಾರ ಕೆಟ್ಟಿತು. ಜ್ವರಕ್ಕೆ ಇಲಿಯ ಹೆಸರು ಇಟ್ಟವರು ಯಾರೋ, ಪೆಟ್ಟು ಬಿದ್ದದ್ದು ಬೆಕ್ಕಿಗೆ. ಇಲಿ ಹಿಡಿಯುವುದು ಬೆಕ್ಕು, ಇಲಿಯನ್ನು ಮನೆಯೊಳಗೆ ತರುವುದೂ ಬೆಕ್ಕು, ಹಾಗಾದರೆ ಜ್ವರ ತರುವುದು ಯಾರು? ಲೆಕ್ಕ ಸರಿಯಾಗಿಯೇ ಕಂಡಿತು. ಜನ ಬೆಕ್ಕುಗಳನ್ನು ಗೋಣಿಯಲ್ಲಿ ಕಟ್ಟಿ ಕಾಪುವಿನ ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬರತೊಡಗಿದರು. ನಾನು ಮನೆ ಮನೆಯಲ್ಲಿ "ಇಲಿಯ ಮೂತ್ರ ಬೆರೆತ ನೀರಿನಿಂದ ಬರುವುದು, ಬೆಕ್ಕಿನಿಂದ ಅಲ್ಲ" ಅಂತ ಹೇಳಿದೆ. ಯಾರು ಕೇಳುತ್ತಾರೆ!

ಗಿರಿಜಕ್ಕನ ಮನೆಯಲ್ಲಿ ಈ ಮಾತು ಎದ್ದದ್ದು ಶಶಿಕಲಾಳ ಕಾರಣಕ್ಕೆ. ಅವಳಿಗೆ ಏಳು ತಿಂಗಳು, ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಸುರಿಯರಿಗೆ ಆ ಮಾತ್ರೆ ಕೊಡುವ ಹಾಗಿಲ್ಲ. ಅದನ್ನು ಗಿರಿಜಕ್ಕನಿಗೆ ಹೇಳಿದವಳೂ ನಾನೇ. ಬೊಳ್ಳಿಯೋ, ಆ ವಯಸ್ಸಿನಲ್ಲೂ ವಾರಕ್ಕೆರಡು ಇಲಿ ಹಿಡಿದು ತಂದು ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟು ಹೊಗಳಿಕೆಗೆ ಕಾಯುತ್ತಿತ್ತು.

"ಮಗಳು ಬರುವ ಮೊದಲು ಇದನ್ನು ಎಲ್ಲಿಗಾದರೂ ಬಿಟ್ಟು ಬನ್ನಿ" ಅಂತ ಗಿರಿಜಕ್ಕ ಗಂಡನಿಗೆ ಹೇಳಿದರು.

ಸಂಜೀವಣ್ಣ ಈ ಸಲ "ಹೂಂ" ಅನ್ನಲಿಲ್ಲ. "ಹನ್ನೆರಡು ವರ್ಷ ಆಯಿತು" ಅಂದರು.

"ಆಗಲಿ. ನನಗೆ ಮಗಳಿಗಿಂತ ಪುಚ್ಚೆ ದೊಡ್ಡದಾ?"

ಸಂಜೀವಣ್ಣ ಉಣ್ಣದೆ ಎದ್ದರು. ನನಗೆ ತಡೆಯಲಾಗಲಿಲ್ಲ. "ಗಿರಿಜಕ್ಕ, ಬೊಳ್ಳಿ ನನ್ನ ಕೋಣೆಯಲ್ಲೇ ಇರಲಿ. ನಿಮ್ಮ ಮನೆಯೊಳಗೆ ಬಿಡುವುದಿಲ್ಲ. ಜವಾಬ್ದಾರಿ ನನ್ನದು" ಅಂದೆ. ನರ್ಸಮ್ಮ ಹೇಳಿದ ಮೇಲೆ ಅವರೂ ಒಪ್ಪಿದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನನಗೆ ಬುದ್ಧಿ ಹೆಚ್ಚಾಗಿತ್ತು ನೋಡಿ. ಜವಾಬ್ದಾರಿ ಅಂದ ಮೇಲೆ ಸುಮ್ಮನೆ ಇರುವುದು ಹೇಗೆ? ಜ್ವರ ಬಾರದಂತೆ ಮನುಷ್ಯರಿಗೆ ಕೊಡುವ ಮಾತ್ರೆ ಬೆಕ್ಕಿಗೂ ಆಗಬಾರದೇಕೆ? ಬೆಕ್ಕಿಗೇ ಬಾರದಿದ್ದರೆ ಬಸುರಿಗೆ ಎಲ್ಲಿಂದ ಬರುತ್ತದೆ? ಹೀಗೆ ಲೆಕ್ಕ ಹಾಕಿದೆ. ಬೆಕ್ಕನ್ನು ಗೋಣಿಗೆ ತುಂಬಿದವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಏನೂ ವ್ಯತ್ಯಾಸ ಇರಲಿಲ್ಲ, ನಾನು ಕಲಿತವಳು ಅನ್ನುವುದೊಂದು ಬಿಟ್ಟರೆ. ಯಾರಿಗೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಮೊದಲೇ ಮಾತ್ರೆ ಎಸೆಯುವ ಜನ, ನರ್ಸಮ್ಮ ಅದನ್ನು ಬೆಕ್ಕಿಗೂ ಕೊಡುತ್ತಾಳೆ ಅಂತ ಗೊತ್ತಾದರೆ "ನಮಗೆ ಬೆಕ್ಕಿನ ಮಾತ್ರೆ ತಿನ್ನಿಸ್ತಾಳೆ" ಅಂತ ಒಬ್ಬರೂ ಬಾಯಿಗೆ ಹಾಕುತ್ತಿರಲಿಲ್ಲ. ಇನ್ನೊಂದು ಹೆಣ ಬಿದ್ದರೆ ಯಾರು ಹೊಣೆ?

ಮೊದಲ ಆದಿತ್ಯವಾರ ಸಲೀಸಾಗಿ ಹೋಯಿತು. ಕುತ್ತಿಗೆ ಹಿಡಿದು, ಬಾಯಿ ಬಿಡಿಸಿ, ನಾಲಿಗೆಯ ಹಿಂದಕ್ಕೆ ಹಾಕಿ, ಗಂಟಲು ಸವರಿ, ಮೇಲೆ ಒಂದು ಬಟ್ಟಲು ಹಾಲು ಕೊಟ್ಟೆ. ಕುಡಿಯಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಎರಡನೆಯ ಆದಿತ್ಯವಾರ ಬಾಯಿ ಬಿಡಿಸಿ ಮಾತ್ರೆ ಹಾಕುವಷ್ಟರಲ್ಲಿ ಗೇಟಿನ ಸದ್ದಾಯಿತು. ಸಂಜೀವಣ್ಣ. ಗಡಿಬಿಡಿಯಲ್ಲಿ ಬೆರಳಿನಿಂದ ಒಳಕ್ಕೆ ದೂಡಿ ಕೈಬಿಟ್ಟೆ. ಬೊಳ್ಳಿ ಒಂದು ಸಲ ಗುಟುಕರಿಸಿ ಮಂಚದ ಕೆಳಗೆ ಹೋಗಿ ಮುದುಡಿ ಮಲಗಿತು. ಹಾಲಿಲ್ಲ, ನೀರಿಲ್ಲ. ಎರಡು ಚಮಚ ನೀರು ಸಾಕಿತ್ತು. ನುಂಗಿದ ಕೂಡಲೇ ಮಲಗಬೇಡಿ ಅಂತ ಊರಿಗೆಲ್ಲ ಹೇಳಿದ ಬಾಯಿ ನನ್ನದು.

ಸಂಜೀವಣ್ಣ ಅವತ್ತು ಬಹಳ ಸಂಭ್ರಮದಲ್ಲಿದ್ದರು. ಮಳೆಗಾಲದಲ್ಲಿ ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ವಾರಗಟ್ಟಲೆ ಮನೆಯಲ್ಲಿ ಒಣಮೀನೇ. ಅವತ್ತು ಕಾಪುವಿನಲ್ಲಿ ನಾಡದೋಣಿಯವರು ತಂದ ತಾಜಾ ಬೂತಾಯಿ ಸಿಕ್ಕಿತ್ತಂತೆ. ಒಂದು ಗಂಟೆ ಕಳೆದು ಬೊಳ್ಳಿಯನ್ನು ಕರೆದು ಕರೆದು ಮೆಟ್ಟಿಲಿಗೆ ಬರುವಂತೆ ಮಾಡಿದರು. ಅದು ಸ್ವಲ್ಪ ತಿಂದು ಬಿಟ್ಟಿತು.

ಬೆಳಿಗ್ಗೆ ನೋಡಿದರೆ ಬೊಳ್ಳಿ ಕುತ್ತಿಗೆ ಚಾಚಿ ಚಾಚಿ ಏನೂ ಇಲ್ಲದ್ದನ್ನು ನುಂಗುತ್ತಿತ್ತು. ಬಾಯಿಂದ ಜೊಲ್ಲು. ಹಾಲು ಮೂಸಿ ಹಿಂದೆ ಸರಿಯಿತು.

"ಮುಳ್ಳು" ಅಂದರು ಗಿರಿಜಕ್ಕ. "ಗಂಟಲಲ್ಲಿ ಮುಳ್ಳು ಸಿಕ್ಕಿದೆ. ಮುಳ್ಳು ತೆಗೆದು ಹಾಕಿ ಅಂತ ಎಷ್ಟು ಸಲ ಹೇಳಿದ್ದೇನೆ!"

"ತೆಗೆದೇ ಹಾಕಿದ್ದು ಮಾರಾಯ್ತಿ" ಅಂದರು ಸಂಜೀವಣ್ಣ. ಆಮೇಲೆ "ಕನ್ನಡಕ ಮಳೆಗೆ ಮಂಜಾಗಿತ್ತು, ಒಳಗೆ ಇಟ್ಟಿದ್ದೆ" ಅಂದರು. ಅಷ್ಟು ಹೇಳಿದ್ದೇ ತಪ್ಪಾಯಿತು. ಅಪರಾಧ ಅವರ ತಲೆಗೆ ಬಂತು.

ಮುಳ್ಳು ಸಿಕ್ಕಿದರೆ ಅಲ್ಲಿಯವರು ಮಾಡುವ ಮದ್ದು ಒಂದುಂಟು. ಅನ್ನವನ್ನು ಗಟ್ಟಿ ಉಂಡೆ ಮಾಡಿ ಅಗಿಯದೆ ನುಂಗುವುದು. ಉಂಡೆ ಮುಳ್ಳನ್ನು ಎಳೆದುಕೊಂಡು ಇಳಿಯುತ್ತದೆ. ಗಿರಿಜಕ್ಕ ಸಣ್ಣ ಸಣ್ಣ ಉಂಡೆ ಮಾಡಿ ತಂದರು. "ನರ್ಸಮ್ಮ, ಕಾಲು ಹಿಡಿಯಿರಿ" ಅಂದರು. ನಾನು ಹಿಡಿದೆ. ಬೊಳ್ಳಿ ಕಿರುಚಲಿಲ್ಲ, ನನ್ನನ್ನು ಪರಚಲೂ ಇಲ್ಲ. ಮೈ ಗಡಗಡ ನಡುಗುತ್ತಿತ್ತು. ಮೂರು ಉಂಡೆ ಸುಟ್ಟ ಗಂಟಲಿನ ಮೇಲೆ ಹಾದುಹೋದವು. ಮೂರು ದಿನ ಹೀಗೆ ಮಾಡಿದೆವು.

ಆಗಲೇ ನಿನಗೆ ಗೊತ್ತಿತ್ತಾ ಅಂತ ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಗೊತ್ತಿತ್ತು ಅಂದರೆ ಅರ್ಧ ಸುಳ್ಳು, ಗೊತ್ತಿರಲಿಲ್ಲ ಅಂದರೆ ಪೂರ್ತಿ ಸುಳ್ಳು. ಮುಳ್ಳೇ ಇರಲಿ ದೇವರೇ ಅಂತ ಬೇಡಿಕೊಂಡೆ. ಮೀನು ಮುಟ್ಟದವಳು ನಾನು, ಮೀನಿನ ಮೇಲೆ ಹೊರೆ ಹೊರಿಸುವುದು ನನಗೆ ಎಷ್ಟು ಸುಲಭವಾಯಿತು!

ನಾಲ್ಕೈದು ದಿನಕ್ಕೆ ಸ್ವಲ್ಪ ಹುಷಾರಾದ ಹಾಗೆ ಕಂಡಿತು. ಆಮೇಲೆ ವಾಂತಿ ಶುರುವಾಯಿತು. ಹಸಿವೆಯಿಂದ ಓಡಿ ಬರುತ್ತಿತ್ತು, ಗಬಗಬ ತಿನ್ನುತ್ತಿತ್ತು, ತಲೆ ಬಗ್ಗಿಸಿದ ಕೂಡಲೇ ತಿಂದದ್ದು ತಿಂದ ಹಾಗೇ ನೆಲಕ್ಕೆ ಬೀಳುತ್ತಿತ್ತು. ಮತ್ತೆ ಅದನ್ನೇ ತಿನ್ನಲು ಹೋಗುತ್ತಿತ್ತು. ಬೆನ್ನಿನ ಎಲುಬು ಎದ್ದು ಕಂಡಿತು. ಸಂಜೀವಣ್ಣ ಒಂದು ದಿನ ರಜೆ ಹಾಕಿದರು. "ಉಡುಪಿಗೆ ಕರಕೊಂಡು ಹೋಗುವ ನರ್ಸಮ್ಮ. ನೀವೂ ಬನ್ನಿ. ಡಾಕ್ಟ್ರ ಹತ್ರ ನನಗೆ ಮಾತಾಡಲಿಕ್ಕೆ ಬರುವುದಿಲ್ಲ" ಅಂದರು.

ಮಲ್ಲಿಗೆಯ ಬುಟ್ಟಿಯಲ್ಲಿ ಹಳೆಯ ಪಂಚೆ ಹಾಸಿ ಕೂರಿಸಿಕೊಂಡು ಬಸ್ಸು ಹತ್ತಿದೆವು. ಕಂಡಕ್ಟರ್ ಬುಟ್ಟಿಯ ಮುಚ್ಚಳ ಎತ್ತಿ ನೋಡಿದ. "ಎಂತ ಅಣ್ಣ, ದನದ ಆಸ್ಪತ್ರೆಗೆ ಪುಚ್ಚೆಯಾ? ಹಾಲು ಕಡಿಮೆ ಆಗಿದೆಯಾ?" ಬಸ್ಸಿಗೆ ಬಸ್ಸೇ ನಕ್ಕಿತು. ಸಂಜೀವಣ್ಣನೂ ನಕ್ಕರು, ಆದರೆ ಬುಟ್ಟಿಯ ಮೇಲಿನ ಕೈ ತೆಗೆಯಲಿಲ್ಲ.

ಡಾಕ್ಟರು ಒಳ್ಳೆಯವರು, ಬೆಕ್ಕು ಅಂತ ತಾತ್ಸಾರ ಮಾಡಲಿಲ್ಲ. ಟಾರ್ಚು ಹಾಕಿ ಬಾಯಿಯೊಳಗೆ ನೋಡಿದರು. ಮುಳ್ಳು ಕಾಣಲಿಲ್ಲ. "ಎಷ್ಟು ದಿನದಿಂದ ವಾಂತಿ?" ಅಂತ ಕೇಳಿ, ನಾವು ಹೇಳಿದ್ದೆಲ್ಲ ಕೇಳಿಸಿಕೊಂಡು, "ಹೊಟ್ಟೆ ಹಿಂಡಿ ಓಕರಿಸುತ್ತದಾ?" ಅಂದರು.

"ಇಲ್ಲ ಡಾಕ್ಟ್ರೇ" ಅಂದರು ಸಂಜೀವಣ್ಣ. "ಸುಮ್ಮನೆ ಬೀಳ್ತದೆ. ಕೊಟ್ಟದ್ದು ಕೊಟ್ಟ ಹಾಗೇ."

"ಹಾಗಾದರೆ ಇದು ವಾಂತಿ ಅಲ್ಲ. ಹೊಟ್ಟೆಗೆ ಹೋದದ್ದು ತಿರುಗಿ ಬಂದರೆ ವಾಂತಿ. ಇದು ಇಳಿಯಲೇ ಇಲ್ಲ. ಅನ್ನನಾಳ ಎಲ್ಲೋ ಕಿರಿದಾಗಿದೆ." ಅವರು ನನ್ನ ಕಡೆ ತಿರುಗಿದರು. "ಮಾತ್ರೆ ಏನಾದರೂ ನುಂಗಿಸಿದ್ದೀರಾ? ಕೆಲವು ಮಾತ್ರೆ ಅಂಟಿಕೊಂಡು ಸುಡ್ತವೆ, ಆ ಗಾಯ ಒಣಗುವಾಗ ನಾಳ ಕಟ್ಟಿಕೊಳ್ತದೆ. ಹಾಗಿದ್ದರೆ ಬೇರೆ ರೀತಿ ನೋಡಬೇಕು."

"ಇವರು ನಮ್ಮ ಊರಿನ ನರ್ಸಮ್ಮ ಡಾಕ್ಟ್ರೇ, ಇವರಿಗೆ ಎಲ್ಲಾ ಗೊತ್ತುಂಟು" ಅಂದರು ಸಂಜೀವಣ್ಣ, ನನ್ನನ್ನು ನೋಡಿ, ಬಹಳ ಅಭಿಮಾನದಿಂದ.

ನಮ್ಮ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು, ಹಸುವಿಗೆ ಮದ್ದು ಬರೆಸಿಕೊಳ್ಳಲು ಬಂದವಳು. ಇನ್ನಂಜೆಯವಳೇ, ನಾನು ಕೊಟ್ಟ ಮಾತ್ರೆಯನ್ನು ಎರಡು ಸಲ ತಿರುಗಿ ನನ್ನ ಕೈಗೇ ಇಟ್ಟವಳು. ಕಿವಿ ಇತ್ತ ಕಡೆಗೇ ಇತ್ತು.

"ಇಲ್ಲ" ಅಂದೆ.

ಆ ಹೆಂಗಸು ಇದ್ದಳಲ್ಲ, ಅದಕ್ಕೇ ಇಲ್ಲ ಅಂದೆ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಮರುದಿನ ನಾನು ಒಬ್ಬಳೇ ಹೋಗಿ ಡಾಕ್ಟರಿಗೆ ಹೇಳಬಹುದಿತ್ತು. ಉಡುಪಿ ಏನು ಕಾಶಿಯೇ? ಮುಕ್ಕಾಲು ಗಂಟೆಯ ಬಸ್ಸು. ಮರುದಿನ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ. ನಾಚಿಕೆ. ಬೇರೆ ಯಾವ ದೊಡ್ಡ ಕಾರಣವೂ ಇಲ್ಲ.

ಡಾಕ್ಟರು ಮುಳ್ಳು ಗೀರಿ ಬಾವು ಬಂದಿರಬಹುದು ಅಂತ ಒಂದು ಇಂಜೆಕ್ಷನ್ ಕೊಟ್ಟು, ಐದು ದಿನದ ಮಾತ್ರೆ ಬರೆದರು. ನೀರಿನಂಥದ್ದು ಮಾತ್ರ ಕೊಡಿ, ಕೊಡುವಾಗ ಮುಂಗಾಲು ಎತ್ತಿ ನಿಲ್ಲಿಸಿ ಕೊಡಿ ಅಂದರು. ಮಾತ್ರೆ ನುಂಗಿಸುವ ಕೆಲಸ ನನಗೇ ಬಂತು. ನಾನು ಅದನ್ನು ಕಲ್ಲಿನಲ್ಲಿ ಅರೆದು, ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಹನಿ ಹನಿಯಾಗಿ ಹಾಕಿದೆ. ಸಂಜೀವಣ್ಣ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. "ಎಷ್ಟು ಜಾಗ್ರತೆ ನಿಮ್ಮದು! ನಿಮ್ಮ ಕೈ ನನಗಿದ್ದಿದ್ದರೆ ಅವತ್ತು ಮುಳ್ಳು ಉಳಿಯುತ್ತಿರಲಿಲ್ಲ" ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆ ಮೇಲಿನ ಒಂದೂವರೆ ತಿಂಗಳು ಆ ಮನುಷ್ಯ ಮಾಡಿದ್ದನ್ನು ನಾನು ಮನುಷ್ಯರಿಗೆ ಮಾಡಿದವರನ್ನೂ ಕಂಡಿಲ್ಲ. ಮೆಸ್ಸಿನಲ್ಲಿ ಮುನ್ನೂರು ಜನರ ಅಡುಗೆ ಮುಗಿಸಿ ಬಂದು, ಕಾಲು ತೊಳೆದು, ಬೊಳ್ಳಿಗೆ ಬೇರೆ ಅಡುಗೆ. ಮೆಣಸಿಲ್ಲದೆ, ಹುಳಿಯಿಲ್ಲದೆ ಮೀನು ಬೇಯಿಸಿ, ಎರಡೆರಡು ಸಲ ಬಟ್ಟೆಯಲ್ಲಿ ಸೋಸಿದ ನೀರು. ಗಂಜಿಯ ತಿಳಿ. ಅದರ ಮುಂಗಾಲು ತನ್ನ ಹೆಗಲ ಮೇಲೆ ಇಟ್ಟುಕೊಂಡು, ಚಮಚದಲ್ಲಿ ಕುಡಿಸಿ, ಇಳಿಯುವವರೆಗೆ ಹಾಗೆಯೇ ಕಾಲು ಗಂಟೆ ನಿಲ್ಲಿಸಿಕೊಂಡಿರುತ್ತಿದ್ದರು. ಸ್ವಲ್ಪ ಇಳಿಯುತ್ತಿತ್ತು, ಹೆಚ್ಚು ಅವರ ಅಂಗಿಯ ಮೇಲೆ ಬೀಳುತ್ತಿತ್ತು. ತಾನು ಮಾತ್ರ ಮೀನು ತಿನ್ನುವುದನ್ನು ಬಿಟ್ಟರು. ಹುಳಿ ಖಾರದ ಬೂತಾಯಿ ಪುಳಿಮುಂಚಿ ಇಲ್ಲದೆ ತುತ್ತು ಇಳಿಯದ ಮನುಷ್ಯ ನನ್ನ ಹಾಗೆ ಸಾರು ಅನ್ನ ಉಂಡು ಏಳುತ್ತಿದ್ದರು. ಗಿರಿಜಕ್ಕ ದಿನಾ ಒಂದು ಸಲ ಹೇಳುತ್ತಿದ್ದರು. "ಆಗ ಕಣ್ಣು ಬಿಟ್ಟು ಮುಳ್ಳು ತೆಗೆದಿದ್ದರೆ ಈಗ ಈ ಚಾಕರಿ ಇತ್ತಾ?" ಕೆಟ್ಟ ಮನಸ್ಸಿನಿಂದ ಅಲ್ಲ. ಅವರ ಬಾಯಿಯೇ ಹಾಗೆ. ಸಂಜೀವಣ್ಣ "ಹೂಂ" ಅನ್ನುತ್ತಿದ್ದರು. ನಾನು ನನ್ನ ಸ್ಟೌವಿನ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

ಶಶಿಕಲಾ ಬಂದಳು. ಬೆಕ್ಕಿನ ಅವಸ್ಥೆ ನೋಡಿ ಅವಳು ಅತ್ತದ್ದು ಕಂಡು ಗಿರಿಜಕ್ಕ ಗೋಣಿಯ ಮಾತು ಮತ್ತೆ ಎತ್ತಲಿಲ್ಲ. ಜ್ವರವೂ ಆ ಹೊತ್ತಿಗೆ ಇಳಿದಿತ್ತು. ಗದ್ದೆ ಹಸಿರಾಗಿತ್ತು, ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಚೌತಿಗೆ ನಾಲ್ಕು ದಿನ ಇರುವಾಗ ಬೊಳ್ಳಿ ನೀರನ್ನೂ ಬಿಟ್ಟಿತು. ಮರುದಿನ ಬೆಳಿಗ್ಗೆ ಗಿರಿಜಕ್ಕ ಮೊಗ್ಗು ಕೊಯ್ಯಲು ಹೋದವರು ಗಿಡಗಳ ಸಾಲಿನಲ್ಲಿ ಅದನ್ನು ಕಂಡು ಗಂಡನನ್ನು ಕೂಗಿದರು. ಅವರು ಅವತ್ತು ಮೊದಲ ಬಸ್ಸು ತಪ್ಪಿಸಿದರು. ಗುಂಡಿ ತಾನೇ ತೋಡಿದರು. ಎತ್ತಿದಾಗ ಅದರ ಭಾರ ಒಂದು ಒದ್ದೆ ಟವೆಲಿನಷ್ಟೂ ಇರಲಿಲ್ಲ.

ಅವತ್ತು ಸಂಜೆ ಮೆಟ್ಟಿಲಲ್ಲಿ ಒಬ್ಬರೇ ಕೂತಿದ್ದರು. ನಾನು ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದೆ.

"ನನ್ನ ಕೈಯಿಂದಲೇ ಹೋಯಿತು ನರ್ಸಮ್ಮ" ಅಂದರು.

ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುತ್ತಿರಲಿಲ್ಲ. ಸುತ್ತ ಯಾರೂ ಇರಲಿಲ್ಲ. ಊರಿನಲ್ಲಿ ಮಾತ್ರೆ ಹಂಚುವುದೂ ಮುಗಿದಿತ್ತು, ಇನ್ನು ಗೊತ್ತಾದರೆ ಯಾರಿಗೂ ನಷ್ಟವಿಲ್ಲ. ನಾಲ್ಕು ಶಬ್ದ ಹೇಳಿದ್ದರೆ ಆ ಮನುಷ್ಯನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ನಾನು ಹೇಳಿದ್ದು ಏನು? "ಅದಕ್ಕೂ ವಯಸ್ಸಾಗಿತ್ತಲ್ಲ ಸಂಜೀವಣ್ಣ" ಅಂದೆ. ಅವರು ತಲೆ ಅಲ್ಲಾಡಿಸಿದರು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೆಕ್ಕಿಗೆ ನೀರು ಕೊಡದೆ ಹೋದದ್ದು ಗಡಿಬಿಡಿಯಲ್ಲಿ ಆದ ತಪ್ಪು. ಇದು ಮಾತ್ರ ಗಡಿಬಿಡಿಯಲ್ಲಿ ಆದದ್ದಲ್ಲ.

ಮುಂದಿನ ಬೇಸಿಗೆಗೆ ನನಗೆ ಕಾರ್ಕಳದ ಕಡೆಗೆ ವರ್ಗವಾಯಿತು, ಎರಡು ವರ್ಷ ಕಳೆದು ನಮ್ಮ ಜಿಲ್ಲೆಗೇ ಬಂದೆ. ಮದುವೆ, ಮಕ್ಕಳು, ನೌಕರಿ. ಹಬ್ಬಕ್ಕೆ ಒಂದು ಕಾಗದ ಬರೆಯುತ್ತಿದ್ದೆ, ಗಿರಿಜಕ್ಕ ಉತ್ತರ ಬರೆಸುತ್ತಿದ್ದರು. ಆಮೇಲೆ ಅದೂ ನಿಂತಿತು. ಏಳೆಂಟು ವರ್ಷ ಕಳೆದಿರಬಹುದು, ಹಳೆಯ ಸಹೋದ್ಯೋಗಿಯೊಬ್ಬಳ ಮಗಳ ಮದುವೆ ಕಡಿಯಾಳಿಯಲ್ಲಿ ಅಂತ ಕರೆ ಬಂತು. ಈ ಸಲ ಹೇಳಿಯೇ ಬರುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿ ಹೊರಟೆ. ಊಟ ಮುಗಿಸಿ ಇನ್ನಂಜೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಶುರು ಮಾಡುವುದು ಅಂತ ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿದೆ. ಎಲ್ಲ ಸಲವೂ ಸಂಜೀವಣ್ಣನ ಹೆಸರಿನಿಂದಲೇ ಶುರು ಮಾಡಿದ್ದೆ.

ಮನೆಯ ಗೋಡೆಯಲ್ಲಿ ಅವರ ಫೋಟೋಕ್ಕೆ ಹಾರ ಹಾಕಿತ್ತು. ಹಿಂದಿನ ವರ್ಷ ಹೋಗಿದ್ದರಂತೆ, ಲಿವರಿನ ಕಾಯಿಲೆ, ಎಂಟು ದಿನ ಆಸ್ಪತ್ರೆಯಲ್ಲಿ. ಮನೆ ತುಂಬಾ ಜನ ಇದ್ದರು. ಶಶಿಕಲಾ ಗಂಡ ಮಕ್ಕಳೊಂದಿಗೆ ಅಲ್ಲಿಗೇ ಬಂದು ನೆಲೆಸಿದ್ದಳು. ಗಿರಿಜಕ್ಕ ನನ್ನನ್ನು ಕಂಡು ಅಳುತ್ತಾ ನಗುತ್ತಾ ಎರಡೂ ಕೈ ಹಿಡಿದುಕೊಂಡರು. ಜಗಲಿಯಲ್ಲಿ ಕೂರಿಸಿ, ಶರಬತ್ತು ಕೊಟ್ಟು, ತನ್ನ ಹೂವಿನ ರಾಶಿಯ ಮುಂದೆ ಕೂತರು. ಮೊದಲಿನ ಹಾಗೇ ಕೈಯೂ ಓಡುತ್ತಿತ್ತು, ಬಾಯಿಯೂ ಓಡುತ್ತಿತ್ತು.

ಸಂಜೀವಣ್ಣ ಇಲ್ಲದ ಮೇಲೆ ಹೇಳಿ ಏನು ಉಪಯೋಗ ಅಂತ ನಾನು ಸುಮ್ಮನೆ ಇರುವುದೆಂದು ನಿಶ್ಚಯಿಸಿದ್ದೆ. ಅಷ್ಟರಲ್ಲಿ ಗಿರಿಜಕ್ಕನೇ ಆ ಮಾತು ತೆಗೆದರು. "ನಿಮಗೆ ನೆನಪುಂಟಾ, ಆ ಬೊಳ್ಳಿಯ ಮುಳ್ಳು? ಅವತ್ತು ಬಿಟ್ಟ ಮೀನನ್ನು ಇವರು ಕೊನೆಯವರೆಗೂ ಮುಟ್ಟಲಿಲ್ಲ ಮಾರಾಯ್ರೆ. ಎಂಥ ಹಠ!" ಅಂತ ನಕ್ಕರು.

ಆ ನಗು ನನಗೆ ತಡೆಯಲಾಗಲಿಲ್ಲ. ಸತ್ತವರ ಮೇಲಿನ ಅಪವಾದವನ್ನಾದರೂ ತೆಗೆಯಬೇಕು ಅನ್ನಿಸಿತು. ಅಥವಾ ನನ್ನ ಹೊರೆ ಇಳಿಸಿಕೊಳ್ಳುವ ಆಸೆಯೋ, ಈಗಲೂ ಖರೆ ಗೊತ್ತಿಲ್ಲ. ಹೇಳಿದೆ. ಎಲ್ಲ ಹೇಳಿದೆ. ಮಾತ್ರೆ, ಗೇಟಿನ ಸದ್ದು, ಉಂಡೆ ನುಂಗಿಸುವಾಗ ಕಾಲು ಹಿಡಿದದ್ದು, ಡಾಕ್ಟರ ಮುಂದೆ ಇಲ್ಲ ಅಂದದ್ದು. "ಮುಳ್ಳು ಇರಲೇ ಇಲ್ಲ ಗಿರಿಜಕ್ಕ. ಅವರು ತೆಗೆದೇ ಹಾಕಿದ್ದರು. ತಪ್ಪು ನನ್ನದು" ಅಂದೆ. ಬೈಯಲಿ, ಮನೆಯಿಂದ ಏಳು ಅನ್ನಲಿ, ತಯಾರಾಗಿಯೇ ಇದ್ದೆ.

ಗಿರಿಜಕ್ಕ ಬೈಯಲಿಲ್ಲ. ಅವರ ಕೈ ನಿಂತಿತು. ಬೆರಳಿಗೆ ಸುತ್ತಿದ್ದ ಬಾಳೆನಾರನ್ನು ಬಿಚ್ಚಿ ಕೆಳಗಿಟ್ಟರು. ನಾನು ಯಾವತ್ತೂ ಕೇಳದ ಸಣ್ಣ ದನಿಯಲ್ಲಿ ಮಾತಾಡಿದರು.

"ಆಸ್ಪತ್ರೆಯಲ್ಲಿ ಏಳನೆಯ ದಿನ ಅವರಿಗೆ ಸ್ವಲ್ಪ ಮೀನಿನ ಸಾರು ಕುಡಿಸಿ ಅಂತ ಡಾಕ್ಟ್ರು ಹೇಳಿದರು, ಶಕ್ತಿ ಬರ್ತದೆ ಅಂತ. ನಾನು ಮಾಡಿ ತೆಗೆದುಕೊಂಡು ಹೋದೆ. ಸೋಸಿ ತೆಗೆದುಕೊಂಡು ಹೋಗಿದ್ದೆ. ಅವರು ಬಾಯಿ ತೆರೆಯಲಿಲ್ಲ. ನನಗೆ ಸಿಟ್ಟು ಬಂತು. ಬೆಕ್ಕನ್ನು ಕೊಂದವರಿಗೆ ಎಂಥದ್ದು ವ್ರತ, ಕುಡಿಯಿರಿ ಅಂತ ಹೇಳಿದೆ. ನಾಲ್ಕು ಜನರ ಎದುರು ಹೇಳಿದೆ. ಅವರು ಹೂಂ ಅಂತ ಹೇಳಿ ಆಚೆ ತಿರುಗಿದರು. ಬೆಳಿಗ್ಗೆ ಇಲ್ಲ."

ನಾನು ಅವರ ಕೈ ಹಿಡಿಯಲು ಹೋದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ನೀವು ಬಂದು ನನ್ನ ಹತ್ರ ಹೇಳಿದಿರಿ ನರ್ಸಮ್ಮ, ಆಯಿತು" ಅಂದರು. "ಇನ್ನು ನಾನು ಯಾರ ಹತ್ರ ಹೋಗಿ ಹೇಳಲಿ?"